ಡ್ಯೂನಾಗೆ ಹೋಗಿ ವಾಪಸ್ ಬರುವುದು ಹೇಗೆ: ಕರ್ಬಲ್ ಆಟಗಾರರಿಗೆ ಸಮಗ್ರ ಮಾರ್ಗದರ್ಶಿ

ಭಾನುವಾರ ಬಂತು ಅಂದರೆ ಚಿಕ್ಕಬಳ್ಳಾಪುರದ ನಮ್ಮ ಮನೆ ಮಹಡಿಗೆ ನಾಲ್ಕೈದು ಪಿಯು ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. ಎಲ್ಲರೂ ಆಡುವುದು ಕರ್ಬಲ್ ಸ್ಪೇಸ್ ಪ್ರೋಗ್ರಾಂ, ಕರ್ಬಿನ್ ಅನ್ನುವ ಗ್ರಹದಿಂದ ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ. ಅದರಲ್ಲಿ ಹಾರುವ ಪುಟ್ಟ ಜೀವಿಗಳೇ ಕರ್ಬಲ್‌ಗಳು. ಕರ್ಬಿನ್‌ನ ಚಂದ್ರ ಮುನ್‌ಗೆ ಹೋಗಿ ಬರುವುದು ಅವರಿಗೆ ಈಗ ನೀರು ಕುಡಿದಷ್ಟು ಸುಲಭ. ಡ್ಯೂನಾ ಅಂದರೆ ಮಾತ್ರ ಎಲ್ಲರದ್ದೂ ಒಂದೇ ಗೋಳು: "ಅಣ್ಣಾ, ಪ್ಯಾರಾಶೂಟ್ ಬಿಚ್ಕೊಂತು, ಆದ್ರೂ ಒಡೆದೋಯ್ತು." ಅವರಿಗೆ ಬಿಡಿ ಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಇದು ಮೊದಲನೇ ಆಟದ 1.12 ಆವೃತ್ತಿಗೆ, ಯಾವ ಮಾಡ್ (ಹೊರಗಿನವರು ಮಾಡಿದ ಸೇರ್ಪಡೆ) ಕೂಡ ಹಾಕದೆ ಆಡುವವರಿಗೆ. ಮುನ್‌ಗೆ ಒಮ್ಮೆಯಾದರೂ ಹೋಗಿ ಬಂದಿದ್ದೀರಿ, ನೋಡ್ (ಎಲ್ಲಿ, ಎಷ್ಟು ಉರಿಸಬೇಕು ಅನ್ನುವ ಗುರುತು) ಹಾಕಿ ಬರ್ನ್ ಮಾಡಲು (ಇಂಜಿನ್ ಉರಿಸಲು) ಬರುತ್ತದೆ ಅಂದುಕೊಂಡು ಶುರು ಮಾಡುತ್ತೇನೆ.

ಮೊದಲು ಊರು ಎಂಥದ್ದು ಅಂತ ತಿಳಿದುಕೊಳ್ಳಿ

ಡ್ಯೂನಾ ನಮ್ಮ ಮಂಗಳನನ್ನು ನೋಡಿ ಮಾಡಿದ ಗ್ರಹ. ಕೆಂಪು ಮಣ್ಣು, ಧ್ರುವಗಳಲ್ಲಿ ಬಿಳಿ ಹಿಮ, ತೆಳು ಗಾಳಿ. ಆದರೆ ಅಳತೆ ಸಣ್ಣದು. ಮಂಗಳನ ತ್ರಿಜ್ಯ ಸುಮಾರು 3390 ಕಿ.ಮೀ., ಡ್ಯೂನಾದ್ದು ಬರೀ 320 ಕಿ.ಮೀ. ಗುರುತ್ವ ಕರ್ಬಿನ್‌ನ ಹತ್ತರಲ್ಲಿ ಮೂರು ಪಾಲು. ಗಾಳಿ 50 ಕಿ.ಮೀ. ಎತ್ತರದವರೆಗೆ ಇದೆ. ನೆಲದ ಹತ್ತಿರವೂ ಅದರ ಒತ್ತಡ ಕರ್ಬಿನ್‌ನ ಹದಿನೈದನೇ ಒಂದು ಭಾಗ ಮಾತ್ರ. ಆಮ್ಲಜನಕ ಇಲ್ಲ, ಹಾಗಾಗಿ ಜೆಟ್ ಇಂಜಿನ್ ಅಲ್ಲಿ ಉಸಿರೇ ಎತ್ತುವುದಿಲ್ಲ.

ಈ ಗಾಳಿಯ ವಿಷಯ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಅಂತರಗ್ರಹ ವೇಗದಲ್ಲಿ ಬಂದ ನೌಕೆಯನ್ನು ಹಿಡಿದು ನಿಧಾನ ಮಾಡುವಷ್ಟು ಗಾಳಿ ಅಲ್ಲಿದೆ. ನೆಲಕ್ಕೆ ಮೆಲ್ಲಗೆ ಇಳಿಸುವಷ್ಟು ಇಲ್ಲ. ಮುನ್ ತರಹ ಪೂರ್ತಿ ಇಂಜಿನ್ ನಂಬಿ ಹೋದರೆ ಸುಮ್ನೆ ಇಂಧನ ದಂಡ. ಕರ್ಬಿನ್ ತರಹ ಪೂರ್ತಿ ಪ್ಯಾರಾಶೂಟ್ ನಂಬಿ ಹೋದರೆ ನೌಕೆಯೇ ದಂಡ. ನಮ್ಮ ಹುಡುಗರ ನೌಕೆಗಳು ಜಾಸ್ತಿ ಒಡೆದದ್ದು ಈ ಎರಡನೇ ಕಾರಣಕ್ಕೆ.

ಡ್ಯೂನಾಗೆ ಒಬ್ಬ ಚಂದ್ರನೂ ಇದ್ದಾನೆ, ಹೆಸರು ಐಕ್. 130 ಕಿ.ಮೀ. ತ್ರಿಜ್ಯ, ಡ್ಯೂನಾದ ಕೇಂದ್ರದಿಂದ 3200 ಕಿ.ಮೀ. ದೂರ. ಮುನ್‌ಗೆ ಹೋಲಿಸಿದರೆ ತೀರಾ ಹತ್ತಿರ. ಅವನ ಸೆಳೆತದ ವಲಯವೇ ಸಾವಿರ ಕಿ.ಮೀ. ಮೀರುತ್ತದೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಎಳೆದು ಅಡ್ಡಾದಿಡ್ಡಿ ಎಸೆಯುವುದೇ ಅವನ ಕೆಲಸ. ಇಬ್ಬರೂ ಒಬ್ಬರಿಗೊಬ್ಬರು ಒಂದೇ ಮುಖ ತೋರಿಸಿಕೊಂಡು ಸುತ್ತುತ್ತಾರೆ. ಡ್ಯೂನಾದ ಮೇಲೆ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಉಪಗ್ರಹವನ್ನು ಇಡಬೇಕು ಅಂದುಕೊಂಡರೆ ಅದಕ್ಕೆ ಬೇಕಾದ ಎತ್ತರದಲ್ಲಿ ಐಕ್ ಆಗಲೇ ಕೂತಿದ್ದಾನೆ. ಆ ಆಸೆ ಬಿಡಿ.

ನೌಕೆಯನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ

ಹೋಗುವುದು ಕಷ್ಟವಲ್ಲ. 80ರಿಂದ 100 ಕಿ.ಮೀ. ಎತ್ತರದ ಕರ್ಬಿನ್ ಕಕ್ಷೆಯಿಂದ ಡ್ಯೂನಾ ದಾರಿ ಹಿಡಿಯಲು ಸುಮಾರು 1080 ಮೀ/ಸೆ ಡೆಲ್ಟಾ-ವಿ, ಅಂದರೆ ಇಂಜಿನ್ ಕೊಡಬೇಕಾದ ವೇಗದ ಬದಲಾವಣೆ, ಸಾಕು. ಮುನ್ ದಾರಿಗೆ ಬೇಕಾಗುವುದೇ 860ರಷ್ಟು, ಅಲ್ವಾ? ಕಷ್ಟ ಇರುವುದು ವಾಪಸ್ ಬರುವುದರಲ್ಲಿ. ಅದಕ್ಕೇ ಲೆಕ್ಕ ಕೊನೆಯಿಂದ ಶುರು ಮಾಡಿ.

ಡ್ಯೂನಾ ನೆಲದಿಂದ 60 ಕಿ.ಮೀ. ಕಕ್ಷೆಗೆ ಏರಲು 1450 ಮೀ/ಸೆ. ಆ ಕಕ್ಷೆಯಿಂದ ಕರ್ಬಿನ್ ದಾರಿಗೆ 610. ಇಳಿಯುವಾಗ ಕೊನೆಯ ಬರ್ನ್‌ಗೆ 250 ಇಟ್ಟುಕೊಳ್ಳಿ. ಒಟ್ಟು 2310. ಕೈತಪ್ಪಿಗೆ ಇನ್ನೊಂದಷ್ಟು ಸೇರಿಸಿ, 2700ಕ್ಕಿಂತ ಕಡಿಮೆ ಇರುವ ಲ್ಯಾಂಡರ್ ಹಾರಿಸಲೇಬೇಡಿ.

ಒಬ್ಬ ಪೈಲಟ್ ಹೋಗಿಬರುವ ಲ್ಯಾಂಡರ್‌ಗೆ ನಾನು ಹೇಳುವ ಜೋಡಣೆ ಇದು. ಮೇಲೆ ಪೈಲಟ್ ಕೂರುವ ಎಂಕೆ1 ಪಾಡ್, ಅದರ ತಲೆ ಮೇಲೆ ಎಂಕೆ16 ಪ್ಯಾರಾಶೂಟ್, ಕೆಳಗೆ 1.25 ಮೀಟರ್ ಹೀಟ್ ಶೀಲ್ಡ್, ಅದರ ಕೆಳಗೆ ಭಾಗಗಳನ್ನು ಕಳಚುವ ಡಿಕಪ್ಲರ್. ಆಮೇಲೆ ಮಧ್ಯದಲ್ಲಿ ಒಂದು ಎಫ್‌ಎಲ್-ಟಿ400 ಟ್ಯಾಂಕ್, ಅದರ ಎರಡು ಪಕ್ಕಕ್ಕೆ ಅಂಟಿಸಿದಂತೆ ಎರಡು ಎಫ್‌ಎಲ್-ಟಿ200 ಟ್ಯಾಂಕ್. ಅಡಿಗೆ ಟೆರಿಯರ್ ಇಂಜಿನ್. ಸಣ್ಣ ಕಾಲು ನಾಲ್ಕು, ಪಕ್ಕದ ಪ್ಯಾರಾಶೂಟ್ ನಾಲ್ಕು, ಸೌರಫಲಕ, ಬ್ಯಾಟರಿ. ಒಟ್ಟು ತೂಕ 7 ಟನ್ ಆಸುಪಾಸು ಬರುತ್ತದೆ, ಅದರಲ್ಲಿ ಇಂಧನ 4 ಟನ್. ಟೆರಿಯರ್‌ನ ಐಎಸ್‌ಪಿ (ಇಂಧನವನ್ನು ಎಷ್ಟು ಚೆನ್ನಾಗಿ ಬಳಸುತ್ತದೆ ಅನ್ನುವ ಅಳತೆ) ನಿರ್ವಾತದಲ್ಲಿ 345 ಸೆಕೆಂಡ್. ಲೆಕ್ಕ ಹಾಕಿದರೆ 2800 ಮೀ/ಸೆ ಹತ್ತಿರ ಸಿಗುತ್ತದೆ. ಅದರ 60 ಕಿಲೋನ್ಯೂಟನ್ ತಳ್ಳು ಡ್ಯೂನಾದಲ್ಲಿ ಈ ತೂಕದ ಮೂರರಷ್ಟು. ಬೇಕಾದಷ್ಟಾಯಿತು.

ಒಂದೇ ಎಫ್‌ಎಲ್-ಟಿ800 ಹಾಕಿದರೂ ಇಂಧನ ಅಷ್ಟೇ, ಆಮೇಲೆ ಯಾಕೆ ಮೂರು ಟ್ಯಾಂಕ್ ಅಂತ ಕೇಳಬಹುದು. ಉದ್ದ ಟ್ಯಾಂಕ್ ಹಾಕಿದರೆ ಲ್ಯಾಂಡರ್ ಕಂಬದ ತರಹ ಆಗುತ್ತದೆ. ಡ್ಯೂನಾದಲ್ಲಿ ಸಮತಟ್ಟು ಅಂತ ಕಾಣುವ ಜಾಗವೂ ಇಳಿಜಾರೇ. ಕಾಲುಗಳನ್ನು ಪಕ್ಕದ ಟ್ಯಾಂಕ್‌ಗಳಿಗೆ ಹಾಕಿದರೆ ಬುಡ ಅಗಲವಾಗುತ್ತದೆ, ಮಗುಚುವುದಿಲ್ಲ.

ಪ್ಯಾರಾಶೂಟ್‌ನಲ್ಲಿ ಒಂದು ಗುಟ್ಟಿದೆ. ಪಕ್ಕದ ನಾಲ್ಕು ಪ್ಯಾರಾಶೂಟ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ. ಎಷ್ಟು ಗಾಳಿ ಒತ್ತಡ ಬಂದಾಗ ಬಿಚ್ಚಿಕೊಳ್ಳಬೇಕು ಅನ್ನುವ ಸ್ಲೈಡರ್ ಕಾಣುತ್ತದೆ. ಆಟ ಅದನ್ನು 0.04ಕ್ಕೆ ಇಟ್ಟಿರುತ್ತದೆ, ಕರ್ಬಿನ್‌ಗೆ ಸರಿಯಾಗಿ. ಡ್ಯೂನಾದ ನೆಲಮಟ್ಟದ ಒತ್ತಡವೇ 0.067. ಅಂದರೆ ಹಾಗೇ ಬಿಟ್ಟರೆ ನೆಲ ಕಾಲಿಗೆ ಬಂದಾಗ ಪ್ಯಾರಾಶೂಟ್ ಕಣ್ಣು ಬಿಡುತ್ತದೆ. ಅದನ್ನು 0.01ಕ್ಕೆ ಇಳಿಸಿ. ಪೂರ್ತಿ ಅರಳುವ ಎತ್ತರದ ಸ್ಲೈಡರ್ ಪಕ್ಕದಲ್ಲೇ ಇದೆ, ಅದನ್ನು 1000 ಮೀಟರ್‌ನಿಂದ ಜಾಸ್ತಿ ಮಾಡಿ. ಪಾಡ್ ತಲೆ ಮೇಲಿನ ಪ್ಯಾರಾಶೂಟ್ ಮಾತ್ರ ಮುಟ್ಟಬೇಡಿ, ಅದು ಕರ್ಬಿನ್‌ಗೆ.

ಲ್ಯಾಂಡರ್ ಕೆಳಗೆ ದಾರಿ ಸವೆಸುವ ಸ್ಟೇಜ್: ಡಿಕಪ್ಲರ್, ಎಫ್‌ಎಲ್-ಟಿ800, ಇನ್ನೊಂದು ಟೆರಿಯರ್. ಇದು ಲ್ಯಾಂಡರನ್ನು ಹೊತ್ತುಕೊಂಡು 1350 ಮೀ/ಸೆ ಕೊಡುತ್ತದೆ. ಒಟ್ಟು 12 ಟನ್ ಆಯಿತು. ಇಷ್ಟನ್ನು ಕರ್ಬಿನ್ ಕಕ್ಷೆಗೆ ಏರಿಸಲು 3400 ಮೀ/ಸೆ ಕೊಡುವ ಯಾವ ರಾಕೆಟ್ ಆದರೂ ಸರಿ. ಮೇಲೊಂದು ಫೇರಿಂಗ್ (ಗಾಳಿ ತಡೆಯುವ ಮೂತಿ ಹೊದಿಕೆ) ಮುಚ್ಚಿ. ರಾಕೆಟ್ ಕಟ್ಟುವುದು ನಿಮಗೆ ಗೊತ್ತೇ ಇದೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಆಂಟೆನಾ ವಿಷಯಕ್ಕೆ ಹುಡುಗರು ಬೇಡದ ತಲೆ ಕೆಡಿಸಿಕೊಳ್ಳುತ್ತಾರೆ. ಪೈಲಟ್ ಒಳಗಿದ್ದರೆ ಸಿಗ್ನಲ್ ಇಲ್ಲದಿದ್ದರೂ ನೌಕೆ ಓಡುತ್ತದೆ, ವಿಜ್ಞಾನದ ಮಾಹಿತಿಯನ್ನು ಅವನೇ ಹೊತ್ತು ತರುತ್ತಾನೆ. ಆಳಿಲ್ಲದ ಪ್ರೋಬ್ ಕಳಿಸುವವರು ಮಾತ್ರ ಯೋಚಿಸಬೇಕು. ಡ್ಯೂನಾ ಕರ್ಬಿನ್‌ನಿಂದ ಅತಿ ದೂರ ಇದ್ದಾಗ ನಡುವಿನ ಅಂತರ 3.5 ಕೋಟಿ ಕಿ.ಮೀ. ಟ್ರ್ಯಾಕಿಂಗ್ ಸ್ಟೇಷನ್ ಪೂರ್ತಿ ಬೆಳೆಸಿದ್ದರೂ ಡಿಟಿಎಸ್-ಎಂ1 ಆಂಟೆನಾ ಮುಟ್ಟುವುದು 2.2 ಕೋಟಿ. ಎಚ್‌ಜಿ-55 ಹಾಕಿದರೆ 6 ಕೋಟಿ ದಾಟುತ್ತದೆ. ಆಂಟೆನಾ ಅಂದರೆ ಡಿಶ್ಶೇ ಇರಬೇಕು ಅಂದುಕೊಂಡವರನ್ನು ಒಮ್ಮೆ ಗೌರಿಬಿದನೂರಿಗೆ ಕರೆದುಕೊಂಡು ಹೋಗಬೇಕು. ಅಲ್ಲಿನ ರೇಡಿಯೋ ದೂರದರ್ಶಕದ ಹಳೆಯ ಸಾಲು ಸಾವಿರ ಡೈಪೋಲ್‌ಗಳದ್ದು, ಇಂಗ್ಲಿಷ್ ಟಿ ಅಕ್ಷರದ ಆಕಾರದಲ್ಲಿ ಬಯಲ ತುಂಬಾ ಕಂಬ ಮತ್ತು ತಂತಿ. ನಮ್ಮ ಜಿಲ್ಲೆಯಲ್ಲೇ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ.

ಯಾವಾಗ ಹೊರಡಬೇಕು

ಓಡುವ ಬಸ್ಸನ್ನು ಹಿಡಿಯುವವನು ಬಸ್ ಈಗ ಇರುವ ಜಾಗಕ್ಕೆ ಓಡುವುದಿಲ್ಲ, ಅದು ಬರುವ ಜಾಗಕ್ಕೆ ಓಡುತ್ತಾನೆ. ಮ್ಯಾಪ್ ತೆರೆದು ಸೂರ್ಯನ ಮೇಲಿನಿಂದ ನೋಡಿ. ಡ್ಯೂನಾ ಕರ್ಬಿನ್‌ಗಿಂತ ಸುಮಾರು 44 ಡಿಗ್ರಿ ಮುಂದೆ ಇರಬೇಕು. ಲಂಬಕೋನದ ಅರ್ಧ ಅಂತ ಕಣ್ಣಳತೆಯಲ್ಲಿ ನೋಡಿದರೂ ನಡೆಯುತ್ತದೆ. ಹೊಸ ಆಟ ಶುರು ಮಾಡಿದವರಿಗೆ ಇದು ಮೊದಲ ವರ್ಷದ 230ನೇ ದಿನದ ಆಸುಪಾಸು ಬರುತ್ತದೆ. ತಪ್ಪಿಸಿಕೊಂಡರೆ ಮುಂದಿನದು 909 ದಿನಕ್ಕೆ. ಆಟದ ದಿನ 6 ಗಂಟೆಯದ್ದು ಅನ್ನುವುದು ನೆನಪಿರಲಿ.

1.12ರಲ್ಲಿ ಅಲಾರಂ ಗಡಿಯಾರ ಆಟದೊಳಗೇ ಬಂತು. ಅದರಲ್ಲಿ ಕರ್ಬಿನ್‌ನಿಂದ ಡ್ಯೂನಾ ಅಂತ ಆರಿಸಿ ಅಲಾರಂ ಇಟ್ಟರೆ ಸಮಯಕ್ಕೆ ಸರಿಯಾಗಿ ಎಬ್ಬಿಸುತ್ತದೆ. ಆಮೇಲೆಯೇ ರಾಕೆಟ್ ಹಾರಿಸಿ. ಮೊದಲೇ ಕಕ್ಷೆಗೆ ಕಳಿಸಿ ಅಲ್ಲಿ ಕಾಯಿಸುವುದರಿಂದ ಏನೂ ಲಾಭವಿಲ್ಲ.

ನಿಜವಾದ ಮಂಗಳಕ್ಕೂ ಇದೇ ನಿಯಮ, ಸುಮಾರು 26 ತಿಂಗಳಿಗೊಮ್ಮೆ ದಾರಿ ತೆರೆಯುತ್ತದೆ. ಮಂಗಳಯಾನ 2013ರ ಡಿಸೆಂಬರ್ 1ರಂದು ಭೂಮಿಯನ್ನು ಬಿಟ್ಟಿತು. ಮಂಗಳ ಭೂಮಿಯ ಪಕ್ಕಕ್ಕೆ ಬಂದು ಸೂರ್ಯನಿಗೆ ಎದುರಾದದ್ದು ನಾಲ್ಕು ತಿಂಗಳ ನಂತರ, 2014ರ ಏಪ್ರಿಲ್‌ನಲ್ಲಿ. ಆಟದಲ್ಲೂ ಹಾಗೇ. ಹೊರಟು 110 ದಿನದ ಸುಮಾರಿಗೆ ಕರ್ಬಿನ್ ಡ್ಯೂನಾವನ್ನು ಹಿಂದೆ ಹಾಕುತ್ತದೆ. ಹತ್ತಿರ ಇದ್ದಾಗ ಹೊರಡಬೇಕು ಅಂದುಕೊಳ್ಳುವವರು ಈ ಲೆಕ್ಕದಲ್ಲೇ ಎಡವುತ್ತಾರೆ.

ಹೊರಡುವ ಬರ್ನ್

100 ಕಿ.ಮೀ.ಯಲ್ಲಿ ದುಂಡಗೆ ಸುತ್ತುತ್ತಿದ್ದೀರಿ, ಪೂರ್ವಕ್ಕೆ ಹೋಗುತ್ತಿದ್ದೀರಿ. ಬರ್ನ್ ಎಲ್ಲಿ ಮಾಡಬೇಕು? ಪುಸ್ತಕದ ಉತ್ತರ, ಕರ್ಬಿನ್ ಸಾಗುವ ದಿಕ್ಕಿಗೆ 150 ಡಿಗ್ರಿ ಹಿಂದೆ. ಕೋನಮಾಪಕ ಹಿಡಿದು ಕೂರುವ ಬದಲು ಸುಲಭದ ಗುರುತು ಒಂದಿದೆ. ನಿಮ್ಮ ನೌಕೆ ಬಿಸಿಲಿನಿಂದ ಕರ್ಬಿನ್‌ನ ನೆರಳಿಗೆ ಜಾರುವ ಜಾಗ ಅದೇ. ಸೌರಫಲಕಕ್ಕೆ ಬಿಸಿಲು ತಪ್ಪುತ್ತಿದ್ದಂತೆ ಬರ್ನ್‌ನ ನಡುಭಾಗ ಬರಬೇಕು. ಈ ಎತ್ತರದಲ್ಲಿ ಎರಡೂ ಒಂದೇ ಕಡೆ ಬೀಳುತ್ತವೆ.

ಅಲ್ಲೊಂದು ನೋಡ್ ಹಾಕಿ. ಪ್ರೋಗ್ರೇಡ್ (ಸಾಗುತ್ತಿರುವ ದಿಕ್ಕು) ಕಡೆ ಎಳೆಯುತ್ತ 1050 ಮೀ/ಸೆ ಹತ್ತಿರ ಬನ್ನಿ. ಗೆರೆ ಕರ್ಬಿನ್ ಬಿಟ್ಟು ಸೂರ್ಯನ ಸುತ್ತಲಿನ ಕಕ್ಷೆಗೆ ಸೇರುತ್ತದೆ, ಅದರ ಹೊರತುದಿ ಡ್ಯೂನಾದ ಕಕ್ಷೆಯನ್ನು ಸವರುತ್ತದೆ. ಡ್ಯೂನಾವನ್ನು ಟಾರ್ಗೆಟ್ ಮಾಡಿದ್ದರೆ ಹತ್ತಿರದ ಬಿಂದುಗಳು ಕಾಣುತ್ತವೆ. ಈಗ ನೋಡ್ ಅನ್ನು ಕಕ್ಷೆಯ ಮೇಲೆ ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಜರುಗಿಸಿ. ಮೌಸ್‌ನಿಂದ ಎಳೆದರೆ ಕೈ ನಡುಗಿ ಎಲ್ಲಾ ಹಾಳಾಗುತ್ತದೆ. ಪರದೆಯ ಎಡ ಕೆಳಮೂಲೆಯಲ್ಲಿ ನೋಡ್‌ನ ಅಂಕಿ ತಿದ್ದುವ ಪಟ್ಟಿ ಇದೆ, ಅದರಲ್ಲಿ ಮಾಡಿ. ಡ್ಯೂನಾದ ಕಕ್ಷೆ ಬರೀ 0.06 ಡಿಗ್ರಿ ವಾಲಿದೆ, ಅದಕ್ಕೇ ಮೇಲೆ ಕೆಳಗೆ ತಿದ್ದುವ ತಲೆನೋವು ಇಲ್ಲವೇ ಇಲ್ಲ.

ಈ ನೌಕೆಗೆ ಬರ್ನ್ ಮೂರು ನಿಮಿಷದ ಚಿಲ್ಲರೆ. ಅರ್ಧ ನೋಡ್‌ಗೆ ಮುಂಚೆ, ಅರ್ಧ ಆಮೇಲೆ. ದೊಡ್ಡ ನೌಕೆಗೆ ನರ್ವ್ ಅಣು ಇಂಜಿನ್ ಹಾಕಿದವರಿಗೆ ಹತ್ತು ಹದಿನೈದು ನಿಮಿಷವೂ ಹಿಡಿಯಬಹುದು, ಅಷ್ಟರಲ್ಲಿ ನೌಕೆ ಅರ್ಧ ಸುತ್ತು ಹಾಕಿರುತ್ತದೆ. ಆಗ ಒಂದೇ ಬರ್ನ್ ಬೇಡ. ಅದೇ ಜಾಗಕ್ಕೆ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಉರಿಸಿ ಕಕ್ಷೆಯನ್ನು ಉದ್ದ ಮಾಡುತ್ತ ಹೋಗಿ, ಕೊನೆಯ ಸುತ್ತಿನಲ್ಲಿ ಬಿಟ್ಟು ಹೊರಡಿ. ಇಸ್ರೋ ಮಂಗಳಯಾನಕ್ಕೆ ಮಾಡಿದ್ದೂ ಇದನ್ನೇ. ಅದರ ಇಂಜಿನ್ ಬರೀ 440 ನ್ಯೂಟನ್, ನವೆಂಬರ್‌ನಲ್ಲಿ ಹಲವು ಸಲ ಉರಿಸಿ ಕಕ್ಷೆ ಎತ್ತರಿಸಿದರು.

ದಾರಿಯಲ್ಲಿ

ದಾರಿ 300 ದಿನದ್ದು, ಮಾಡಬೇಕಾದ ಕೆಲಸ ಒಂದೇ. ಕರ್ಬಿನ್‌ನ ಸೆಳೆತ ಬಿಟ್ಟು ಆಚೆ ಬಂದ ಮೇಲೆ, ಅರ್ಧ ದಾರಿಯಲ್ಲಿ, ಸಣ್ಣದೊಂದು ತಿದ್ದುಪಡಿ. ಡ್ಯೂನಾ ಮೇಲೆ ನೋಟ ಇಟ್ಟು ಅಲ್ಲಿನ ಪೆರಿಯಾಪ್ಸಿಸ್ (ದಾರಿ ಗ್ರಹಕ್ಕೆ ಅತಿ ಹತ್ತಿರ ಬರುವ ಬಿಂದು) ನೋಡುತ್ತ ತಿದ್ದಿ. ಹತ್ತಿಪ್ಪತ್ತು ಮೀ/ಸೆ ಒಳಗೆ ಮುಗಿಯುತ್ತದೆ. ಇಂಜಿನ್‌ನ ಥ್ರಸ್ಟ್ ಮಿತಿಯನ್ನು 5 ಶೇಕಡಾಕ್ಕೆ ಇಳಿಸಿಕೊಂಡರೆ ನಯವಾಗಿ ಆಗುತ್ತದೆ. ಆಮೇಲೆ ಮತ್ತೆ 100ಕ್ಕೆ ಏರಿಸುವುದು ಮರೆಯಬೇಡಿ. ಗೆರೆ ಐಕ್ ವಲಯಕ್ಕೆ ತಾಗುತ್ತಿದ್ದರೆ ಈಗಲೇ ಪಕ್ಕಕ್ಕೆ ಸರಿಸಿ. ಡ್ಯೂನಾದಲ್ಲಿ ಸೌರಫಲಕ ಕರ್ಬಿನ್‌ನಲ್ಲಿ ಕೊಡುವುದರ 43 ಶೇಕಡಾ ಮಾತ್ರ ಕೊಡುತ್ತದೆ ಅನ್ನುವುದೂ ಗಮನದಲ್ಲಿರಲಿ.

ಗಾಳಿಯಲ್ಲಿ ಬ್ರೇಕ್

ಇಂಜಿನ್‌ನಿಂದಲೇ ನಿಂತುಕೊಳ್ಳಬೇಕಾದರೆ 610 ಮೀ/ಸೆ. ಗಾಳಿಯಲ್ಲಾದರೆ ಪುಕ್ಕಟೆ. ಪೆರಿಯಾಪ್ಸಿಸ್ ಅನ್ನು ಮೊದಲು 15 ಕಿ.ಮೀ.ಗೆ ಇಡಿ. ಗಾಳಿ ಮುಟ್ಟುವ ಮುಂಚೆ ಎಫ್5 ಒತ್ತಿ ಸೇವ್ ಮಾಡಿ. ನಮ್ಮ ಕಡೆ ಕರೆಂಟ್ ನಂಬಿ ಆಡುವವರು ಯಾರೂ ಇಲ್ಲ, ಹಾಗಾಗಿ ಈ ಅಭ್ಯಾಸ ಎಲ್ಲರಿಗೂ ಆಗಲೇ ಇರುತ್ತದೆ. ಸೌರಫಲಕ, ಆಂಟೆನಾ ಮಡಚಿ. ಇಂಜಿನ್ ಮುಂದಾಗಿ ರೆಟ್ರೋಗ್ರೇಡ್ (ಸಾಗುವ ದಿಕ್ಕಿನ ವಿರುದ್ಧ) ಹಿಡಿದು ಒಳಗೆ ನುಗ್ಗಿ. ವೇಗ ಸೆಕೆಂಡಿಗೆ 1600 ಮೀಟರ್ ಹತ್ತಿರ ಇರುತ್ತದೆ, ಕರ್ಬಿನ್‌ಗೆ ಮರಳುವುದರ ಅರ್ಧ. ಬೆಂಕಿ ಕಾಣುತ್ತದೆ, ಸುಡುವುದಿಲ್ಲ.

ಆಚೆ ಬಂದ ಮೇಲೂ ಕಕ್ಷೆ ಮುಚ್ಚಿಕೊಳ್ಳದಿದ್ದರೆ ಎಫ್9 ಒತ್ತಿ ವಾಪಸ್ ಹೋಗಿ, 13 ಅಥವಾ 12 ಕಿ.ಮೀ. ಮಾಡಿ ನೋಡಿ. ನೌಕೆಯ ಆಕಾರಕ್ಕೆ ತಕ್ಕಂತೆ ಇದು ಬದಲಾಗುತ್ತದೆ, ಎಲ್ಲರಿಗೂ ಒಂದೇ ಅಂಕಿ ಹೇಳುವವರನ್ನು ನಂಬಬೇಡಿ. ಕಕ್ಷೆ ಮುಚ್ಚಿಕೊಂಡರೆ ಅದರ ಹೊರತುದಿ ಐಕ್‌ಗಿಂತ ಸಾಕಷ್ಟು ಕೆಳಗೆ ಬರುವವರೆಗೆ ಇನ್ನೊಂದೆರಡು ಸುತ್ತು ಗಾಳಿಯಲ್ಲಿ ಹಾಯಿಸಿ. ಆಮೇಲೆ ಹೊರತುದಿಯಲ್ಲಿ ಪ್ರೋಗ್ರೇಡ್ ಬರ್ನ್ ಮಾಡಿ ಪೆರಿಯಾಪ್ಸಿಸ್ ಅನ್ನು 60 ಕಿ.ಮೀ.ಗೆ ಎತ್ತಿ. ಇದಕ್ಕೆಲ್ಲ ಕೆಳಗಿನ ಸ್ಟೇಜ್‌ನಲ್ಲಿ ಉಳಿದಿರುವ ಇನ್ನೂರು ಚಿಲ್ಲರೆ ಮೀ/ಸೆ ಬಳಸಿ. ಖಾಲಿಯಾದ ಮೇಲೆ ಕಳಚಿ.

ಇಳಿಯುವುದು

ಜಾಗದ ಆಯ್ಕೆಯಲ್ಲೇ ಅರ್ಧ ಗೆಲುವು. ಡ್ಯೂನಾದ ಅತಿ ಎತ್ತರದ ಜಾಗ 8264 ಮೀಟರ್, ಅತಿ ತಗ್ಗು 124 ಮೀಟರ್. ನಂದಿ ಬೆಟ್ಟ 1478 ಮೀಟರ್, ಅದರ ಐದೂವರೆ ಪಟ್ಟು ಎತ್ತರದ ಗುಡ್ಡ ಅಲ್ಲಿದೆ ಅಂತಾಯಿತು. ಅಂಥ ಎತ್ತರದಲ್ಲಿ ಇದ್ದ ಚೂರು ಗಾಳಿಯೂ ಇಲ್ಲ, ಪ್ಯಾರಾಶೂಟ್ ಬಿಚ್ಚಿಕೊಂಡರೂ ಬಟ್ಟೆ ಹಾರಿಸಿದಂತೆ. ಮೊದಲ ಸಲ ತಗ್ಗು ಬಯಲಿಗೇ ಇಳಿಯಿರಿ, ಹಗಲಿರುವ ಕಡೆಗೇ ಇಳಿಯಿರಿ.

ರೆಟ್ರೋಗ್ರೇಡ್ ಬರ್ನ್ ಮಾಡಿ ಪೆರಿಯಾಪ್ಸಿಸ್ ಅನ್ನು ನೆಲದೊಳಕ್ಕೆ ಇಳಿಸಿ. ಕಕ್ಷೆಯ ವೇಗ 890 ಮೀ/ಸೆ, ಹೆಚ್ಚಿನದನ್ನು ಗಾಳಿಯೇ ತಿನ್ನುತ್ತದೆ. ಎತ್ತರದ ಮೀಟರನ್ನು ಸಮುದ್ರಮಟ್ಟದಿಂದ ನೆಲಮಟ್ಟಕ್ಕೆ ಬದಲಿಸಿಕೊಳ್ಳಿ, ಪಕ್ಕದ ಗುಂಡಿ ಒತ್ತಿದರಾಯಿತು. ಸ್ಟೇಜ್ ಪಟ್ಟಿಯಲ್ಲಿ ಪ್ಯಾರಾಶೂಟ್ ಚಿತ್ರದ ಬಣ್ಣ ನೋಡುತ್ತಿರಿ. ಕೆಂಪಿದ್ದಾಗ ಬಿಚ್ಚಿದರೆ ಹರಿಯುತ್ತದೆ. ಕೆಂಪು ಹೋದ ತಕ್ಷಣ ಪಕ್ಕದ ನಾಲ್ಕನ್ನೂ ಬಿಚ್ಚಿ. ಪಾಡ್ ಪ್ಯಾರಾಶೂಟ್ ಸ್ಟೇಜ್ ಪಟ್ಟಿಯ ತೀರಾ ಕೊನೆಯಲ್ಲಿ ಇರಲಿ. ಅವಸರದಲ್ಲಿ ಅದನ್ನೂ ಬಿಚ್ಚಿದರೆ ಮತ್ತೆ ಮಡಚಲು ಎಂಜಿನಿಯರ್ ಬೇಕು, ಒಬ್ಬನೇ ಹೋದ ಪೈಲಟ್‌ಗೆ ಅದು ಬರುವುದಿಲ್ಲ.

ಈಗ ಬರುತ್ತದೆ ಹುಡುಗರ ನೌಕೆ ಒಡೆಯುವ ಗಳಿಗೆ. ಪ್ಯಾರಾಶೂಟ್ ಪೂರ್ತಿ ಅರಳಿದೆ, ನೌಕೆ ನೆಟ್ಟಗೆ ನೇತಾಡುತ್ತಿದೆ, ಎಲ್ಲಾ ಶಾಂತವಾಗಿ ಕಾಣುತ್ತದೆ. ವೇಗದ ಅಂಕಿ ನೋಡಿ, ಕಾಲುಗಳು ತಡೆಯುವುದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಕಾಲು ಬಿಚ್ಚಿ. ನೆಲ 100 ಮೀಟರ್ ಇದ್ದಾಗ ಇಂಜಿನ್ ಅನ್ನು ಸ್ವಲ್ಪವೇ ಹಚ್ಚಿ. ಜೋರಾಗಿ ಹಚ್ಚಿದರೆ ಮೇಲಕ್ಕೇ ಹಾರಿ ಪ್ಯಾರಾಶೂಟ್ ಮುದುಡುತ್ತದೆ, ಹಾಗಾಗಿ ಕಾಲು ಭಾಗ ಥ್ರಾಟಲ್‌ನಿಂದ ಶುರು ಮಾಡಿ. 5 ಮೀ/ಸೆಗಿಂತ ಕಡಿಮೆಯಲ್ಲಿ ನೆಲ ಮುಟ್ಟಿದರೆ ಸಾಕು. ಮುಟ್ಟಿದ ತಕ್ಷಣ ಎಕ್ಸ್ ಕೀ ಒತ್ತಿ ಇಂಜಿನ್ ಆರಿಸಿ. ನೌಕೆಯ ದಿಕ್ಕು ಹಿಡಿದಿಡುವ ಎಸ್‌ಎಎಸ್ ರೆಟ್ರೋಗ್ರೇಡ್‌ನಲ್ಲೇ ಇದ್ದರೆ ನಿಂತ ಮೇಲೆ ದಿಕ್ಕು ಹುಡುಕುತ್ತ ನೌಕೆಯನ್ನೇ ಬೀಳಿಸುತ್ತದೆ, ಅದನ್ನು ಬರೀ ಸ್ಥಿರಕ್ಕೆ ಬದಲಿಸಿ.

ಕಾಯುವುದು, ಏರುವುದು

ಬಾವುಟ ನೆಟ್ಟು, ಮಣ್ಣು ತೆಗೆದು, ವರದಿ ಬರೆದು ಮುಗಿದ ಮೇಲೆ ಕಾಯಬೇಕು. ವಾಪಸ್ ಹೊರಡಲು ಕರ್ಬಿನ್ ಡ್ಯೂನಾಗಿಂತ 75 ಡಿಗ್ರಿ ಹಿಂದೆ ಇರಬೇಕು. ನೀವು ಬಂದಿಳಿದಾಗ ಅದು 75 ಡಿಗ್ರಿ ಮುಂದೆ ಇರುತ್ತದೆ. ಲೆಕ್ಕ ಹಾಕಿದರೆ ಸುಮಾರು 530 ದಿನ ಕಾಯುವುದು. ಹೋಗಿ ಬರುವುದಕ್ಕೆ ಒಟ್ಟು ಕರ್ಬಿನ್‌ನ ಎರಡೂವರೆ ವರ್ಷಕ್ಕಿಂತ ಜಾಸ್ತಿ. ಪಾಪ, ಕರ್ಬಲ್‌ಗಳಿಗೆ ಊಟ ಬೇಡ. ಮತ್ತೆ ಅಲಾರಂ ಇಡಿ.

ಏರುವಾಗ ಕರ್ಬಿನ್‌ನ ಅಭ್ಯಾಸ ಬಿಡಿ. ಗಾಳಿ ತೆಳು ಇರುವುದರಿಂದ ಬೇಗ ವಾಲಬಹುದು. ನೂರು ಮೀ/ಸೆ ವೇಗ ಬಂದ ಕೂಡಲೇ ಪೂರ್ವಕ್ಕೆ ಬಾಗಲು ಶುರು ಮಾಡಿ, 10 ಕಿ.ಮೀ. ಹೊತ್ತಿಗೆ 45 ಡಿಗ್ರಿ ದಾಟಿರಲಿ. ಎದುರು ಗುಡ್ಡ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. 60 ಕಿ.ಮೀ. ಕಕ್ಷೆ ಸೇರಿದಾಗ 1000 ಮೀ/ಸೆ ಉಳಿದಿದ್ದರೆ ನಿರಾಳ, 650 ಇದ್ದರೂ ಮನೆ ಸೇರಬಹುದು. ಅದಕ್ಕಿಂತ ಕಡಿಮೆ ಆದರೆ ಕಕ್ಷೆಯಲ್ಲೇ ಇರಿ, ಇಂಧನ ಹೊತ್ತ ಇನ್ನೊಂದು ನೌಕೆಯನ್ನು ಮುಂದಿನ ದಾರಿ ತೆರೆದಾಗ ಕಳಿಸಿ.

ವಾಪಸ್ ಬರ್ನ್ ಉಲ್ಟಾ. ಡ್ಯೂನಾ ಸಾಗುವ ದಿಕ್ಕಿನ ವಿರುದ್ಧವಾಗಿ ಹೊರಬೀಳಬೇಕು, ಹಾಗಾಗಿ ನೋಡ್ ಬರುವುದು ಹಗಲಿನ ಕಡೆ, ಬೆಳಗಾದ ಸ್ವಲ್ಪ ಹೊತ್ತಿನ ನಂತರ. ಅರ್ಧ ದಾರಿಯಲ್ಲಿ ಕರ್ಬಿನ್ ಪೆರಿಯಾಪ್ಸಿಸ್ ಅನ್ನು 30ರಿಂದ 35 ಕಿ.ಮೀ.ಗೆ ತಿದ್ದಿ. ಒಳಗೆ ಬರುವ ವೇಗ 3400 ಮೀ/ಸೆ ಹತ್ತಿರ, ಮುನ್‌ನಿಂದ ಬರುವುದಕ್ಕಿಂತ ಇನ್ನೂರರಷ್ಟು ಜಾಸ್ತಿ ಅಷ್ಟೇ. ಗಾಳಿ ಮುಟ್ಟುವ ಮುಂಚೆ ಟ್ಯಾಂಕ್ ಮತ್ತು ಇಂಜಿನ್ ಕಳಚಿ, ಹೀಟ್ ಶೀಲ್ಡ್ ಮುಂದಾಗಿ ಹಿಡಿಯಿರಿ. ಕಟ್ಟುವಾಗ ಪಾಡ್ ಪ್ಯಾರಾಶೂಟ್ ಒತ್ತಡವನ್ನೂ 0.01ಕ್ಕೆ ಇಳಿಸಿದ್ದರೆ ಈಗಲೇ ರೈಟ್ ಕ್ಲಿಕ್ ಮಾಡಿ 0.04ಕ್ಕೆ ಏರಿಸಿ. ಇಲ್ಲದಿದ್ದರೆ ಸ್ಪೇಸ್‌ಬಾರ್ ಬೇಗ ಒತ್ತಿದವರ ಪ್ಯಾರಾಶೂಟ್ ಇನ್ನೂ ಬೆಂಕಿ ಉಗುಳುವ ಎತ್ತರದಲ್ಲೇ ಬಿಚ್ಚಿಕೊಂಡು ಚಿಂದಿಯಾಗುತ್ತದೆ.